ಬೋರ್ಡಿನ ಮೇಲಿದ್ದ ಏಳೂಕಾಲು

2013ರಲ್ಲಿ ನಾನು ಮುಂಬೈಯ ಒಂದು ಚಿಕ್ಕ ಬ್ಯಾಂಕಿನ ಟ್ರೆಜರಿಯಲ್ಲಿದ್ದೆ. ಬ್ಯಾಂಕಿಗೆ ಆ ದಿನ ದುಡ್ಡು ಕಡಿಮೆ ಬಿದ್ದರೆ ಬೇರೆ ಬ್ಯಾಂಕಿನಿಂದ ಒಂದು ರಾತ್ರಿಯ ಮಟ್ಟಿಗೆ ಕೈಗಡ ತರುವುದು, ಹೆಚ್ಚಿದ್ದರೆ ಕೊಡುವುದು ನನ್ನ ಕೆಲಸ. ಕಾಲ್ ಮನಿ ಅನ್ನುತ್ತಾರಲ್ಲ, ಅದು. ಊರಿಗೆ ಹೋದಾಗ ಮಾತ್ರ ‘ಕೋಟಿಗಟ್ಟಲೆ ವ್ಯವಹಾರ’ ಅಂತ ಹೇಳಿಕೊಳ್ಳುತ್ತಿದ್ದೆ.

ಬ್ಯಾಂಕುಗಳು ಠೇವಣಿಯ ಶೇ. 4ರಷ್ಟನ್ನು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಿತ್ತು. ಎರಡು ವಾರದ ಸರಾಸರಿ ಸರಿಹೋದರೆ ಸಾಕು, ಯಾವ ದಿನವೂ ಇಡಬೇಕಾದದ್ದರ ಶೇ. 70ಕ್ಕಿಂತ ಇಳಿಯಬಾರದು ಅಷ್ಟೆ. ನಮ್ಮ ಪಾಲು ದಿನಕ್ಕೆ 100 ಕೋಟಿ. ನಾನು 70 ಮಾತ್ರ ಇಡುತ್ತಾ, ಕೊನೆಯಲ್ಲಿ ಸಾಲ ಅಗ್ಗವಾದಾಗ ತುಂಬಿಸುತ್ತಿದ್ದೆ. ಎರಡು ಸಲ ಗೆದ್ದು ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಮೂರನೆಯ ಸಲದ ಎರಡು ವಾರ ಶುರುವಾದದ್ದು ಜುಲೈ 13ಕ್ಕೆ.

15ರ ರಾತ್ರಿ, ಕುಸಿಯುತ್ತಿದ್ದ ರೂಪಾಯಿಯನ್ನು ಹಿಡಿದು ನಿಲ್ಲಿಸಲು ರಿಸರ್ವ್ ಬ್ಯಾಂಕ್ ಎಂಎಸ್‌ಎಫ್ ದರವನ್ನು 8.25ರಿಂದ 10.25ಕ್ಕೆ ಏರಿಸಿತು. ಬೇರೆಲ್ಲೂ ಸಾಲ ಹುಟ್ಟದಿದ್ದಾಗ ಬ್ಯಾಂಕುಗಳು ತಟ್ಟುವ ಕೊನೆಯ ಬಾಗಿಲು ಅದು. ರೆಪೊದಲ್ಲಿ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಮಾಮೂಲಿ ಬಾಗಿಲಿನಲ್ಲಿ, ಎಲ್ಲ ಬ್ಯಾಂಕುಗಳಿಗೂ ಸೇರಿ 75,000 ಕೋಟಿ ಮಾತ್ರ ಎಂದೂ ಹೇಳಿತು. ರೆಪೊ ದರ ಮಾತ್ರ 7.25ರಲ್ಲೇ ಇತ್ತು.

ಬೆಳಿಗ್ಗೆ ನಮ್ಮ ಮುಖ್ಯಸ್ಥರು, ಕುಂದಾಪುರದ ಕಡೆಯವರು, ನನ್ನ ಮೇಜಿನ ಹತ್ತಿರ ನಿಂತರು. “ಏನು ಮಾರಾಯ, ಈಗಲೇ ತುಂಬಿಸಿಬಿಡುವುದಾ?”

“ರೆಪೊ ಮುಟ್ಟೇ ಇಲ್ಲ ಸರ್. ಎಂಎಸ್‌ಎಫ್ ಕಡೆ ನಾವ್ಯಾಕೆ ಹೋಗ್ತೀವಿ?” ಅಂದೆ. ಪಕ್ಕದವರಿಗೂ ಕೇಳುವ ಹಾಗೆ ಅಂದೆ ಎಂಬುದನ್ನು ಈಗಲೂ ಮರೆಯಲಾಗುತ್ತಿಲ್ಲ.

23ರ ಸಂಜೆ ಎರಡನೆಯ ಏಟು. ರೆಪೊದಲ್ಲಿ ಯಾವ ಬ್ಯಾಂಕೂ ತನ್ನ ಠೇವಣಿಯ ಅರ್ಧ ಪರ್ಸೆಂಟಿಗಿಂತ ಹೆಚ್ಚು ಪಡೆಯುವಂತಿಲ್ಲ. ನಮ್ಮ ಪಾಲಿಗೆ ಬಂದದ್ದು ಹನ್ನೆರಡೂವರೆ ಕೋಟಿ. ಹನ್ನೊಂದು ದಿನ ಮೂವತ್ತು ಮೂವತ್ತು ಕೋಟಿ ಕಡಿಮೆ ಇಟ್ಟವನಿಗೆ ಉಳಿದದ್ದು ಮೂರೇ ದಿನ, ಇಡಬೇಕಾದದ್ದು ದಿನಕ್ಕೆ 210 ಕೋಟಿ. ತಪ್ಪಿದರೆ ದಂಡದ ಬಡ್ಡಿ.

ಫೋನು ಹಿಡಿದು ಕೂತೆ. ಮೊನ್ನೆಯವರೆಗೆ ತಾವಾಗಿ ಮಾತಾಡಿಸುತ್ತಿದ್ದ ಡೀಲರುಗಳ ದನಿಯೇ ಬೇರೆಯಾಗಿತ್ತು. ಅವರನ್ನು ದೂರಿ ಏನು ಫಲ? ನನಗೆ ಉಳಿದಿರುವ ಇನ್ನೊಂದು ಬಾಗಿಲು ಹತ್ತೂಕಾಲಿನದು ಎಂದು ಗೊತ್ತಿರುವವನು ಏಳೂಕಾಲಿಗೆ ಯಾಕೆ ಕೊಟ್ಟಾನು? ಕೊನೆಗೆ ‘ನಾವ್ಯಾಕೆ ಹೋಗ್ತೀವಿ’ ಎಂದಿದ್ದ ಬಾಗಿಲಿಗೇ ಹೋದೆ. ಆ ಸಾಲದ ಚೀಟಿಗೆ ಮುಖ್ಯಸ್ಥರು ಏನೂ ಹೇಳದೆ ಸಹಿ ಹಾಕಿದರು. ಎರಡು ಬೈದಿದ್ದರೆ ಹಗುರಾಗುತ್ತಿತ್ತು. ನಷ್ಟ ಎರಡು ಲಕ್ಷದ ಮೇಲೆ. ಬ್ಯಾಂಕು ಮುಳುಗುವ ಮೊತ್ತವೇನಲ್ಲ. ಆದರೆ ವಾರಗಟ್ಟಲೆ ಕ್ಯಾಂಟೀನಿಗೆ ಒಬ್ಬನೇ ಹೋಗುತ್ತಿದ್ದೆ.

ಶುಕ್ರವಾರ ರಾತ್ರಿ ಲೋಕಲ್ ಟ್ರೈನಿನಲ್ಲಿ ನಿಂತಿದ್ದಾಗ, ಯಾಕೋ, ಊರಿನ ಸೊಸೈಟಿ ನೆನಪಾಯಿತು. ಏಳೆಂಟು ವರ್ಷದವನಿದ್ದಾಗ ಸೀಮೆಎಣ್ಣೆಗೆ ಕ್ಯಾನು ಹಿಡಿದು ಹೋಗಿದ್ದೆ. ಅಕ್ಷರ ಕಲಿತ ಹುರುಪು. ಬೋರ್ಡು ಓದಿ ಬಂದು, “ಅಮ್ಮಾ, ರೇಟು ಜಾಸ್ತಿ ಆಗಿಲ್ಲ!” ಅಂತ ಅಂಗಳದಿಂದಲೇ ಕೂಗಿದೆ. ಅಮ್ಮ ಕ್ಯಾನು ಎತ್ತಿ ಅಲುಗಾಡಿಸಿ ನೋಡಿದಳು. ಐದು ಲೀಟರು ಸಿಗುತ್ತಿದ್ದಲ್ಲಿ ಎರಡು ಲೀಟರು ಕೊಟ್ಟಿದ್ದರು. ಉಳಿದದ್ದನ್ನು ಅಂಗಡಿಯವನಿಂದ ಅವನು ಹೇಳಿದ ಬೆಲೆಗೆ ತಂದೆವು. ನನ್ನ ಟ್ರೆಜರಿ ಜ್ಞಾನ ಅಲ್ಲಿಂದ ಒಂದು ಹೆಜ್ಜೆಯೂ ಮುಂದೆ ಬಂದಿರಲಿಲ್ಲ.

ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕಿನ ಹೊಸ ಗವರ್ನರ್ ರಘುರಾಮ್ ರಾಜನ್ ತಮ್ಮ ಮೊದಲ ನೀತಿ ಪ್ರಕಟಿಸಿದರು. ರೆಪೊ 7.50ಕ್ಕೆ ಏರಿತು. ನಮ್ಮಲ್ಲಿಗೆ ಹೊಸದಾಗಿ ಬಂದ ಹುಡುಗ ಟಿವಿ ನೋಡಿ, “ಕಾಲ್ ರೇಟು ಇನ್ನೂ ಮೇಲೆ ಸರ್!” ಅಂದ. ಎರಡು ತಿಂಗಳ ಹಿಂದಿನ ನನ್ನದೇ ದನಿ. ಅದೇ ಪ್ರಕಟಣೆಯ ಇನ್ನೊಂದು ಸಾಲಿನಲ್ಲಿ ಎಂಎಸ್‌ಎಫ್ 10.25ರಿಂದ 9.50ಕ್ಕೆ ಇಳಿದಿತ್ತು. ರೆಪೊದ ಮಿತಿ ಸಡಿಲವಾಗಿರಲಿಲ್ಲ, ಹಾಗಾಗಿ ಎಲ್ಲರ ಕಣ್ಣು ಇನ್ನೂ ಆ ಕೊನೆಯ ಬಾಗಿಲಿನ ಮೇಲೆಯೇ. ರೆಪೊ ಏರಿದರೂ ಒಂದು ರಾತ್ರಿಯ ಸಾಲ ಅಗ್ಗವಾಗುವ ದಿನ ಅದು.

ಮುಖ್ಯಸ್ಥರು ಹುಡುಗನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನೀನೇನು ಹೇಳ್ತಿ?”

“ಒಂದು ನಿಮಿಷ ಸರ್,” ಅಂದೆ. “ಪೂರ್ತಿ ಓದಿ ಹೇಳ್ತೇನೆ.”