ಝಳಕಿ ಡೈರಿ, ಭಾಗ 9: ಚಾಟ್ನಿ

ಫೋಟೋದಲ್ಲಿ ಕಾಣ್ತಿರೋದು ಕಸ ಅಲ್ಲ, ಒಂದು ದಿನದ ಕೆಲಸ. ದ್ರಾಕ್ಷಿ ತೋಟದಾಗ ಚಾಟ್ನಿ ಮಾಡಿದ ಮೇಲೆ ಸಾಲಿನ ನಡುವೆ ಬಿದ್ದ ಕಡ್ಡಿಗಳು. ಬಲಗಡೆ ಮೂಲೆಯಲ್ಲಿರೋ ಬೆರಳು ನಂದು. ಅದಕ್ಕೆ ಸುತ್ತಿದ ಪಟ್ಟಿಯೂ ನಂದೇ.

ನಮ್ಮ ಕಡೆಯವರಲ್ಲದ ಫಾಲೋವರ್ಸ್‌ಗೆ ಸ್ವಲ್ಪ ಹೇಳಿಬಿಡ್ತೀನಿ. ಝಳಕಿ ಅಂದ್ರೆ ಸೊಲ್ಲಾಪುರ–ವಿಜಯಪುರ ಹೆದ್ದಾರಿ ಮೇಲಿನ ಊರು. ಇಲ್ಲಿಂದ ಇಂಡಿಗೆ ರಸ್ತೆ ಒಡೀತದ. ಉತ್ತರಕ್ಕ ಹೋದ್ರೆ ಧೂಳಖೇಡ, ಭೀಮಾ ನದಿ, ಅದರಾಚೆ ಮಹಾರಾಷ್ಟ್ರ. ಹಂಗಾಗಿ ನಮ್ಮ ಮಾತಿನಾಗ ಮರಾಠಿ ಶಬ್ದ ಬಹಳ. ಚಾಟ್ನಿ ಅನ್ನೋದೂ ಮರಾಠಿಯ ‘ಛಾಟಣಿ’ಯೇ, ಅಂದ್ರೆ ಬಳ್ಳಿ ಸವರೋದು. ಇಡ್ಲಿ ಜೊತೆ ತಿನ್ನೋದಲ್ಲ. ಹೋದ ಸಲ ಸ್ಟೋರಿ ಹಾಕಿದಾಗ ಮೂರು ಮಂದಿ ಕೇಳಿದ್ರಿ, ಹೆಸರು ಹೇಳಂಗಿಲ್ಲ.

ಯೇಸುಸ್ವಾಮಿ ತಾನೇ ನಿಜವಾದ ದ್ರಾಕ್ಷಿಬಳ್ಳಿ, ತಂದೆಯೇ ತೋಟಗಾರ ಅಂತ ಹೇಳಿದ ಮಾತು ಯೋಹಾನನ ಸುವಾರ್ತೆ 15ನೇ ಅಧ್ಯಾಯದಲ್ಲಿದೆ. ಆ ದೇಶದಲ್ಲಿ ಚಳಿಗಾಲ ಬಂದ್ರೆ ಬಳ್ಳಿ ಎಲೆ ಉದುರಿಸಿ ಮಲಗ್ತದ, ಆವಾಗ ವರ್ಷಕ್ಕೊಂದು ಸಲ ಸವರ್ತಾರೆ. ನಮ್ಮ ಬಿಸಿಲಿಗೆ ಬಳ್ಳಿ ಮಲಗೋದೇ ಇಲ್ಲ. ಅದಕ್ಕೆ ಇಲ್ಲಿ ಎರಡು ಸಲ, ಏಪ್ರಿಲ್ ಚಾಟ್ನಿ ಮತ್ತು ಅಕ್ಟೋಬರ್ ಚಾಟ್ನಿ. ನಮ್ಮ ಕಾಕಾ ಗ್ಯಾಂಗ್ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗ್ತಾನ. ಈ ವರ್ಷ ಆ ಗ್ಯಾಂಗಿನಾಗ ನಾನೂ ಒಬ್ಬ.

ಏಪ್ರಿಲ್ ಚಾಟ್ನಿ ನೋಡಿದ್ರೆ ಹೊಟ್ಟೆ ಉರೀತದ. ಹಣ್ಣು ಕೊಟ್ಟ ಕಡ್ಡಿಗಳನ್ನೆಲ್ಲ ಬುಡದಲ್ಲಿ ಒಂದೆರಡು ಕಣ್ಣು ಬಿಟ್ಟು ಕತ್ತರಿಸ್ತಾರೆ. ತಂತಿ ಮ್ಯಾಲೆ ಬರೀ ದಪ್ಪ ತೋಳು ಉಳೀತಾವ. ಕಡಿದ ತುದಿಯಿಂದ ನೀರು ತೊಟ್ಟಿಕ್ಕತದ. ‘ಬಳ್ಳಿ ಅಳ್ಲಾಕತ್ತದ’ ಅಂತಾರ ಗ್ಯಾಂಗಿನ ಹೆಣ್ಮಕ್ಕಳು.

ಅದೇ ಏಪ್ರಿಲ್‌ನಾಗ ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು.

ಈಗ ನನ್ನ ಕ್ಲಾಸ್‌ಮೇಟ್ಸ್ ಮಾತ್ರ ಸ್ವಲ್ಪ ಹತ್ರ ಬರ್ರಿ. ನಾನು ನಿಮಗೆಲ್ಲ ಏನು ಹೇಳಿದ್ದೆ? ನೀಟ್‌ಗೆ ಡ್ರಾಪ್ ತಗೊಂಡೀನಿ, ಮನೆಯಲ್ಲೇ ಓದ್ಲಾಕತ್ತೀನಿ ಅಂತ. ಅದು ಸುಳ್ಳು. ನಾನು ಫಿಸಿಕ್ಸ್‌ನಲ್ಲಿ ಫೇಲ್. ಪರೀಕ್ಷೆ-2 ಬರೆದೆ, ಅದೂ ಹೋಯ್ತು. ಪರೀಕ್ಷೆ-3ಕ್ಕೆ ಅವ್ವ ಕೊಟ್ಟ ಫೀಸು ಕಟ್ಟಲೇ ಇಲ್ಲ, ಆ ರೊಕ್ಕದಾಗ ಮೊಬೈಲ್ ರೀಚಾರ್ಜ್ ಮಾಡಿಸ್ದೆ. ಅವ್ವಗೆ ಇದನ್ನ ಹೇಳಿದ್ದು ಹೋದ ವಾರ. ನಿಮಗೆ ಇವತ್ತು ಹೇಳ್ತಿದ್ದೀನಿ. ಈ ಸರಣಿಯ ಎಂಟು ಭಾಗ ಬರೆದೆ, ಸತ್ಯದ ಬಗ್ಗೆ ಸಹ ಒಂದು ಭಾಗ ಬರೆದೆ, ನೀವು ಹಾರ್ಟ್ ಹಾಕಿದ್ರಿ. ಎಲ್ಲದರ ಕೆಳಗೆ ಈ ಸುಳ್ಳು ಇತ್ತು.

ಮೇ ತಿಂಗಳಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಹೊರಗಿನಿಂದ ಒಬ್ಬ ಹಿರಿಯರು ಬಂದಿದ್ರು. ನಾನು ಪಾಸಾಗಿಲ್ಲ ಅಂತ ಅವರಿಗೆ ಯಾರೋ ಹೇಳಿದ್ರು. ತಲೆ ಮೇಲೆ ಕೈ ಇಟ್ಟು, ‘ದೇವರು ನಿನಗ ಚಾಟ್ನಿ ಮಾಡ್ಯಾನ ತಮ್ಮಾ, ಹೆಚ್ಚು ಫಲ ಕೊಡ್ತಿ’ ಅಂದ್ರು. ಆಹಾ, ಎಷ್ಟು ಹಿತ ಆಯ್ತು! ತಪ್ಪು ನಂದಲ್ಲ, ಕತ್ತರಿ ದೇವರದು. ಆ ಒಂದು ಮಾತನ್ನ ಹಿಡ್ಕೊಂಡು ಐದು ತಿಂಗಳು ಕಳೆದೆ. ಫಿಸಿಕ್ಸ್ ಪುಸ್ತಕ ಮಾತ್ರ ತೆಗೀಲಿಲ್ಲ.

ಹೋದ ವಾರ ತೋಟದಲ್ಲಿ ಊಟಕ್ಕೆ ಕುಂತಾಗ ಇದನ್ನೇ ಕಾಕಾಗೆ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಕಾಕಾ ರೊಟ್ಟಿ ಮುರಿಯೋದು ಬಿಟ್ಟು ಎದ್ದ. ಪಕ್ಕದ ಬಳ್ಳಿಯಿಂದ ಒಂದು ಕಡ್ಡಿ ತೋರಿಸ್ದ. ‘ಇದು ಗಾಳಿಗೆ ಮುರದದ್ದು. ಹೆಂಗ ಸೀಳ್ಯದ ನೋಡು. ಕತ್ತರಿ ಹಾಕಿದ್ದು ಹಿಂಗ ಇರಂಗಿಲ್ಲ.’ ಇನ್ನೊಂದು ತೋರಿಸ್ದ. ಎಲೆ ನೆರಳಿನ ಒಳಗೇ ಬೆಳೆದ ಕಡ್ಡಿ, ಇನ್ನೂ ಹಸಿರು, ಗಟ್ಟಿ ಆಗೇ ಇಲ್ಲ. ‘ಇದಕ್ಕ ಬಿಸಲೇ ಬಿದ್ದಿಲ್ಲ.’ ಆಮೇಲೆ ಕುಂತು ಕೇಳಿದ.

‘ನೀ ಪುಸ್ತಕ ತಗದಿದ್ದೇನು?’

‘ಇಲ್ಲ ಕಾಕಾ.’

‘ಮತ್ತ ದೇವರ ಮ್ಯಾಲ ಯಾಕ ಹಾಕ್ತಿ?’

ಅಷ್ಟೇ. ಮತ್ತೆ ರೊಟ್ಟಿ ತಿಂದ. ಮಧ್ಯಾಹ್ನ ನಾನು ಬೆರಳು ಕೊಯ್ಕೊಂಡಿದ್ದು ಅದಾದ ಮೇಲೆ, ತಲೆ ಬ್ಯಾರೆ ಕಡೆ ಇತ್ತು.

ಅವತ್ತು ರಾತ್ರಿ ಯೋಹಾನ 15 ಮತ್ತೊಮ್ಮೆ ಓದಿದೆ. ನಮ್ಮ ಪಾಸ್ಟರ್ ಹತ್ರ ಒಂದು ಹಳೇ ವ್ಯಾಖ್ಯಾನ ಪುಸ್ತಕ ಅದ, ಅದನ್ನೂ ಇಸ್ಕೊಂಡು ಬಂದಿದ್ದೆ. ಅದ್ರಲ್ಲಿ ಸಿಕ್ಕಿದ್ದು ಇದು. ಮೂಲ ಗ್ರೀಕ್ ಭಾಷೆಯಲ್ಲಿ ಅಲ್ಲಿ ಸವರೋದಕ್ಕೆ ಬಳಸಿದ ಶಬ್ದದ ಅರ್ಥ ‘ಶುದ್ಧ ಮಾಡು’ ಅಂತಲೂ ಹೌದು. ಅದರ ಮುಂದಿನ ವಚನದಲ್ಲೇ ಯೇಸು ಶಿಷ್ಯರಿಗೆ, ನಾನು ಆಡಿದ ಮಾತಿನಿಂದ ನೀವು ಈಗಾಗಲೇ ಶುದ್ಧರಾಗಿದ್ದೀರಿ ಅನ್ನೋ ಅರ್ಥದ ಮಾತು ಹೇಳ್ತಾರೆ. ಅಂದ್ರೆ ಆ ಅಧ್ಯಾಯದಲ್ಲಿ ಕತ್ತರಿ ಅಂದ್ರೆ ಮಾತು. ಫೇಲ್ ಆಗೋದು, ಬೆಳೆ ಹೋಗೋದು, ಸಾವು ಆಗೋದು ಅಂತ ಅಲ್ಲಿ ಎಲ್ಲೂ ಇಲ್ಲ. ನನಗೆ ಕತ್ತರಿ ಬಿದ್ದದ್ದು ಏಪ್ರಿಲ್‌ನಲ್ಲಿ ಅಲ್ಲ. ಅವತ್ತು ಊಟದ ಹೊತ್ತಿಗೆ, ಕಾಕಾನ ಬಾಯಿಂದ.

ಒಂದು ಮಾತು ಹೇಳ್ಲೇಬೇಕು. ನಮ್ಮ ಜಿಲ್ಲೆಯಲ್ಲಿ ಒಂದು ಆಲಿಕಲ್ಲು ಮಳೆ ಸಾಕು, ವರ್ಷದ ದ್ರಾಕ್ಷಿ ಅರ್ಧ ತಾಸಿನಾಗ ನೆಲಕ್ಕ. ಅಂಥವರ ಮನೆಗೆ ಹೋಗಿ ‘ದೇವರು ಚಾಟ್ನಿ ಮಾಡ್ಯಾನ’ ಅನ್ನಬ್ಯಾಡ್ರಿ. ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇನು ಅಂತ ಯೇಸು ಕೇಳಿ, ತಾನೇ ಇಲ್ಲ ಅಂದ್ರು (ಲೂಕ 13). ನಾನೂ ಒಂದಿಬ್ಬರಿಗೆ ಅಂಥ ಮಾತು ಕಮೆಂಟ್‌ನಲ್ಲಿ ಬರೆದೀನಿ. ಡಿಲೀಟ್ ಮಾಡಿದೆ. ಆದ್ರೆ ಅವರು ಓದಿರ್ತಾರ.

ಏಪ್ರಿಲ್ ಚಾಟ್ನಿಯ ಬಗ್ಗೆ ಪೂರ್ತಿ ಹೇಳಿಲ್ಲ. ಆ ಚಾಟ್ನಿಯಿಂದ ನೇರವಾಗಿ ಒಂದು ಹಣ್ಣೂ ಬರಂಗಿಲ್ಲ. ಹೊಸ ಕಡ್ಡಿ ಬರ್ತದ, ಅಷ್ಟೇ. ಆದರೆ ಮುಂದಿನ ನಲವತ್ತು–ಅರವತ್ತು ದಿನದಾಗ, ಆ ಕಡ್ಡಿಯ ಕಣ್ಣಿನೊಳಗೆ ತೀರ್ಮಾನ ಆಗ್ತದ, ಇದು ಗೊಂಚಲು ಆಗ್ಬೇಕೋ, ಇಲ್ಲಾ ತಂತಿಗೆ ಸುತ್ತಿಕೊಳ್ಳೋ ಬರೀ ಎಳೆ ಆಗ್ಬೇಕೋ ಅಂತ. ಹೊರಗಿನಿಂದ ಏನೂ ಕಾಣಂಗಿಲ್ಲ. ಕಣ್ಣಿಗೆ ಬಿಸಿಲು ಬೀಳ್ಬೇಕು. ಮೋಡ ಮುಸುಕಿದ್ರೆ, ಎಲೆ ದಟ್ಟ ಆದ್ರೆ ಗೊಂಚಲು ಕಡಿಮೆ. ಅದಕ್ಕೆ ಅಕ್ಟೋಬರ್ ಚಾಟ್ನಿಗೆ ಮುಂಚೆ ಕೆಲವು ರೈತರು ಕಡ್ಡಿ ಕಳಿಸಿ, ಕಣ್ಣನ್ನ ಸೀಳಿ ಸೂಕ್ಷ್ಮದರ್ಶಕದಾಗ ನೋಡಿಸ್ತಾರೆ, ಎಷ್ಟನೇ ಕಣ್ಣಿನಲ್ಲಿ ಗೊಂಚಲು ಅದ ಅಂತ. ಅದರ ಪ್ರಕಾರ ಎಣಿಸಿ ಕಡೀತಾರೆ.

ನನ್ನ ಕಣ್ಣೊಳಗೆ ಏನಾಯ್ತೋ, ಗೊತ್ತಿಲ್ಲ. ಐದು ತಿಂಗಳು ಪೂರಾ ನೆರಳಲ್ಲಿದ್ದೆ. ಬಹುಶಃ ಈ ಸಲ ಎಳೆಗಳೇ ಜಾಸ್ತಿ ಬರ್ಬಹುದು.

ಫೋಟೋದಲ್ಲಿರೋ ಕಡ್ಡಿಗಳಲ್ಲಿ ಒಂದು ಹೊರೆ ಮನೆಗೆ ತಂದೆ. ದ್ರಾಕ್ಷಿ ಕಟ್ಟಿಗೆಯಿಂದ ಪಾತ್ರೆ ತೂಗುಹಾಕೋ ಗೂಟ ಸಹ ಮಾಡಕ್ಕಾಗಲ್ಲ ಅಂತ ಯೆಹೆಜ್ಕೇಲನ ಗ್ರಂಥದಾಗ ಬರ್ತದ, ಖರೇ ಅದ, ನಾ ಪ್ರಯತ್ನ ಮಾಡಿ ನೋಡ್ದೆ. ಅವ್ವ ಅದನ್ನ ನೀರೊಲಿಗೆ ಹಾಕಿದ್ಲು. ಸುಳ್ಳು ಹೇಳಿದ್ದಕ್ಕೆ ಎರಡು ದಿನ ಮಾತಾಡಿರಲಿಲ್ಲ. ಮೂರನೇ ದಿನ ‘ನೀರು ಕಾದಾವ, ಜಳಕ ಮಾಡು’ ಅಂದ್ಲು.

ದ್ರಾಕ್ಷಿಗೆ ಕಾಡು ಬೇರಿನ ಕಸಿ ಕಟ್ಟೋದರ ಬಗ್ಗೆ ಬರೀಬೇಕಿತ್ತು, ಪೌಲ ರೋಮಾಪುರದವರಿಗೆ ಬರೆದದ್ದು ಅದಕ್ಕೆ ಸರೀ ಉಲ್ಟಾ ಅದ. ಅದು ಭಾಗ 10.

ಮಾರ್ಚ್ ಪರೀಕ್ಷೆಗೆ ರಿಪೀಟರ್ ಅಂತ ಫೀಸು ಕಟ್ಬೇಕು. ಈ ಸಲ ಚಾಟ್ನಿ ಪಗಾರದಾಗ ನಾನೇ ಕಟ್ತೀನಿ. ಫಿಸಿಕ್ಸ್ ನೋಟ್ಸ್ ಯಾರ ಹತ್ರ ಅದಾವ? ಕರೆಂಟ್ ಎಲೆಕ್ಟ್ರಿಸಿಟಿ ಚಾಪ್ಟರ್ ಪೂರ್ತಿ ಬೇಕು. ಮೆಸೇಜ್ ಮಾಡ್ರಿ, ಭಾನುವಾರ ಆರಾಧನೆ ಮುಗಿದ ಮೇಲೆ ಬಂದು ತಗೊಂಡು ಹೋಗ್ತೀನಿ.