ಶಿಲುಬೆಯ ಮೇಲಿನ ಅಕ್ಷರ

ಪಂಡಿತಾ ರಮಾಬಾಯಿ ಕ್ರೈಸ್ತರಾದದ್ದು ಬಹಳ ಜನಕ್ಕೆ ಗೊತ್ತು. ಆದಮೇಲೆ ಅವರು ಕೇಳಿದ ಪ್ರಶ್ನೆಗಳು ಅಷ್ಟಾಗಿ ಗೊತ್ತಿಲ್ಲ.

ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿ ಜಾತಿಯವರ ಸಿಟ್ಟಿಗೆ ಗುರಿಯಾದವರು. ಬರಗಾಲದಲ್ಲಿ ತಂದೆತಾಯಿಯರನ್ನೂ, 1882ರಲ್ಲಿ ಗಂಡನನ್ನೂ ಕಳೆದುಕೊಂಡ ರಮಾಬಾಯಿ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. 1883ರ ಸೆಪ್ಟೆಂಬರಿನಲ್ಲಿ ವಾಂಟೇಜಿನಲ್ಲಿ ಇಬ್ಬರಿಗೂ ದೀಕ್ಷಾಸ್ನಾನವಾಯಿತು.

ಮಿಕ್ಕವರ ಪಾಲಿಗೆ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಮತ್ತು ಚೆಲ್ಟನ್‌ಹ್ಯಾಮ್ ಕಾಲೇಜಿನ ಡೊರೋಥಿಯಾ ಬೀಲ್ ಜೊತೆ ಪತ್ರಗಳಲ್ಲಿ ವಾದ ಶುರುವಾಯಿತು. ದೇವರು ಒಬ್ಬನೇ ಎಂದರೆ ತ್ರಿತ್ವ ಹೇಗೆ? ಬಿಷಪ್ಪರ ಮಾತಿಗೆ ತಲೆಬಾಗುವುದೂ ವಿಶ್ವಾಸದ ಭಾಗವೇ? ಪುರೋಹಿತರ ನೊಗವನ್ನು ಈಗಷ್ಟೇ ಇಳಿಸಿದವಳು ಇನ್ನೊಂದಕ್ಕೆ ಹೆಗಲು ಕೊಡಲಾರೆ ಎಂಬುದು ಅವರ ನಿಲುವು. ಸಿಸ್ಟರ್‌ಗೆ ಇದು ಅಹಂಕಾರವಾಗಿ ಕಂಡಿತು.

ಒಂದು ಜಗಳ ಶಿಲುಬೆಯದ್ದು. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದವು. ತನಗೂ ತನ್ನ ಜನಕ್ಕೂ ತಿಳಿಯದ ಆ ಭಾಷೆ ಸಂಸ್ಕೃತಕ್ಕಿಂತ ಯಾವ ರೀತಿಯಲ್ಲಿ ಹೆಚ್ಚು ಎಂದು ರಮಾಬಾಯಿ ಕೇಳಿದರು. ಮೇಲ್ನೋಟಕ್ಕೆ ಸಣ್ಣ ವಿಷಯ. ಆದರೆ ಕ್ರಿಸ್ತನನ್ನು ಒಪ್ಪಿದವಳು ಅವನ ಜೊತೆಗೆ ಬಂದ ಇಂಗ್ಲೆಂಡನ್ನೂ ಒಪ್ಪಬೇಕೇ ಎಂಬುದೇ ಅಲ್ಲಿನ ತಕರಾರು.

ಈ ತಕರಾರು ಅವರೊಬ್ಬರದಲ್ಲ. ಟಿಟ್ವಾಳಾದಲ್ಲಿ ಲೋಕಲ್ ಹತ್ತಿದರೆ ಅಂಬಿವಲಿ, ಶಹಾಡ್ ದಾಟಿ ಕಲ್ಯಾಣ ಬರುತ್ತದೆ. ಆ ಊರಲ್ಲಿ ಹುಡುಗನಾಗಿದ್ದಾಗ ಶಾಲೆ ಕಲಿತ ಮರಾಠಿ ಕವಿ ನಾರಾಯಣ ವಾಮನ ತಿಲಕ 1895ರಲ್ಲಿ ಕ್ರೈಸ್ತರಾದರು. ಎರಡು ದಶಕ ಮಿಷನ್ನಿನಲ್ಲಿ ದುಡಿದು, 1917ರಲ್ಲಿ ಅದನ್ನು ಬಿಟ್ಟು, 'ದೇವಾಚಾ ದರ್ಬಾರ್' ಕಟ್ಟಿದರು. ದೀಕ್ಷಾಸ್ನಾನವಾದವರಿಗೂ ಆಗದವರಿಗೂ ಅಲ್ಲಿ ಜಾಗವಿತ್ತು. ಕ್ರಿಸ್ತನನ್ನು ಬಿಡದೆ ಮಿಷನ್ನನ್ನು ಬಿಡಬಹುದು ಎಂದು ಅವರು ತೋರಿಸಿದರು.

ರಮಾಬಾಯಿ ಹಿಡಿದ ದಾರಿ ಬೇರೆ. ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿ, ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳನ್ನು ಸಾಕಿದರು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಮೊಳೆ ಜೋಡಿಸಿದವರೂ ಅಚ್ಚು ಹಾಕಿದವರೂ ಮುಕ್ತಿಯ ಹೆಣ್ಣುಮಕ್ಕಳೇ. ರಮಾಬಾಯಿ 1922ರಲ್ಲಿ ತೀರಿಕೊಂಡರು. ಪೂರ್ಣ ಬೈಬಲ್ ಹೊರಬಂದದ್ದು 1924ರಲ್ಲಿ.

ಅನುವಾದ ಮಾಡುವವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಲ್ಯಾಟಿನ್ ಎದುರು ಸಂಸ್ಕೃತವನ್ನು ಎತ್ತಿ ಹಿಡಿದಿದ್ದ ಅದೇ ಪಂಡಿತೆ ಈ ಅನುವಾದದಲ್ಲಿ ಸಂಸ್ಕೃತದ ಭಾರವಾದ ಮಾತುಗಳನ್ನು ಬೇಕೆಂದೇ ದೂರವಿಟ್ಟರು. ಓದುವವಳು ಶಾಸ್ತ್ರ ಕಲಿತವಳಲ್ಲ, ಈಗಷ್ಟೇ ಅಕ್ಷರ ಕಲಿತವಳು. ಅವಳಿಗೆ ಸಂಸ್ಕೃತವೂ ಒಂದು ಲ್ಯಾಟಿನ್ನೇ. ಮೊದಲು ಇಂಗ್ಲೆಂಡಿಗೆ ಕೇಳಿದ ಪ್ರಶ್ನೆಯನ್ನು ರಮಾಬಾಯಿ ಕೊನೆಗೆ ತಮ್ಮ ಪಾಂಡಿತ್ಯಕ್ಕೂ ಕೇಳಿಕೊಂಡಂತಿದೆ.

ಪ್ರಶ್ನೆ ಕೇಳಿದರೆ ವಿಶ್ವಾಸ ಹೋಗುತ್ತದೆ ಎಂದು ಹೆದರುವವರು ಎಲ್ಲ ಧರ್ಮದಲ್ಲೂ ಇದ್ದಾರೆ. ರಮಾಬಾಯಿಯವರ ವಿಶ್ವಾಸ ಹೋಗಲಿಲ್ಲ. ಅರ್ಥವಾಗುವ ಮಾತಿನಲ್ಲಿ ಹೇಳು ಎಂದು ಅದನ್ನು ಅವರು ಕೊನೆಯವರೆಗೂ ಒತ್ತಾಯಿಸಿದರು.