ಬಿಸಿಲಲ್ಲಿ ನಿಂತ ಜೆಟ್

ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಯುದ್ಧವಿಮಾನ ಇದೆ. ನಮ್ಮ ಟೀಮಿನವರನ್ನ ಕೇಳಿದರೆ ಎಲ್ಲರೂ "ಮಿಗ್ ಇರಬೇಕು" ಅಂದರು. ಮಿಗ್ ಅಲ್ಲ, ಅದು ಎಚ್‌ಎಫ್-24 ಮಾರುತ್. ಇದೇ ಊರಲ್ಲಿ ಹುಟ್ಟಿದ್ದು.

ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಎಚ್‌ಎಎಲ್‌ನ ನಮ್ಮ ಹುಡುಗರ ಜೊತೆ ಕೂತು ಇದನ್ನ ರೂಪಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಸಲ ಹಾರಿಸಿದರು. ದಿನಾ ಟ್ರಾಫಿಕ್ಕಲ್ಲಿ ಬೈಯ್ಕೊಂಡು ದಾಟುತ್ತೀವಲ್ಲ ಸುರಂಜನ್ ದಾಸ್ ರಸ್ತೆ, ಅದು ಅವರದೇ ಹೆಸರು. 1970ರ ಜನವರಿಯಲ್ಲಿ ಮಾರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಒಟ್ಟು 147 ಮಾರುತ್ ತಯಾರಾದವು. ತಕ್ಕ ಎಂಜಿನ್ ಸಿಗದೆ ಅಂದುಕೊಂಡಷ್ಟು ವೇಗ ಮುಟ್ಟುವ ಆಸೆ ಕೈಗೂಡಲಿಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗೇ ದುಡಿಯಿತು. 1990ರಲ್ಲಿ ನಿವೃತ್ತಿ.

ನಿವೃತ್ತಿ ಆದ ಜೆಟ್‌ಗಳಿಗೆ ನಮ್ಮಲ್ಲಿ ಸಿಗೋದು ಒಂದು ಕಟ್ಟೆ, ಒಂದು ಫಲಕ. ಹೆಸರು ಬೇಡ, ಒಂದೂರಿನ ಸರ್ಕಲ್ಲಲ್ಲಿ ಅಂಥದ್ದೊಂದನ್ನ ಅಪ್ಪನಿಗೆ ತೋರಿಸಿದ್ದೆ. ಸಂತೆಕಲ್ಲೂರಲ್ಲಿ ಗದ್ದೆ ಮಾಡೋ ಮನುಷ್ಯ. ನಾನು ಯುದ್ಧದ ಕಥೆ ಹೇಳ್ತಿದ್ದರೆ ಅವರು ಬಗ್ಗಿ ಗಾಲಿ ನೋಡ್ತಿದ್ದರು.

"ಭಾರ ಎಲ್ಲಾ ಟೈರಿನ ಮ್ಯಾಲೆ ಬಿಟ್ಟಾರಲ್ಲೋ ತಮ್ಮಾ. ಟ್ರ್ಯಾಕ್ಟರ್ ಸುದ್ದಾ ನಾವು ಹಿಂಗ ಬಿಸಲಾಗ ಬಿಡಂಗಿಲ್ಲ. ಇದಕ್ಕೊಂದು ತಗಡಿನ ನೆಳ್ಳು ಬ್ಯಾಡೇನು?"

ಅಪ್ಪ ಹೇಳಿದ್ದು ಸರಿ ಅಂತ ಆಮೇಲೆ ಓದಿದಾಗ ತಿಳೀತು. ಅಲ್ಯುಮಿನಿಯಂಗೆ ಕೆಂಪು ತುಕ್ಕು ಹಿಡಿಯಲ್ಲ, ಹಾಗಾಗಿ ಏನೂ ಆಗಿಲ್ಲ ಅನ್ನಿಸುತ್ತೆ. ಆದರೆ ಪೇಂಟಿನ ಅಡಿಯಲ್ಲಿ ಅದು ಬಿಳಿ ಪುಡಿಯಾಗುತ್ತಾ ಹೋಗುತ್ತೆ. ಉಕ್ಕಿನ ಬೋಲ್ಟು ತಗಲಿರೋ ಜಾಗದಲ್ಲಿ ನೀರು ನಿಂತರಂತೂ ಬೇಗ. ಗಾಳಿ ಎಳೆಯೋ ಬಾಯಲ್ಲಿ ಪಾರಿವಾಳ ಗೂಡು ಕಟ್ಟುತ್ತೆ, ಅದರ ಹಿಕ್ಕೆ ಲೋಹವನ್ನೇ ತಿನ್ನುತ್ತೆ. ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ ಬಿಸಿಲಿಗೆ ಮಂಜಾಗುತ್ತೆ. ಕಾರವಾರದ ಕಡಲತೀರದಲ್ಲಿರೋ ಟುಪೊಲೆವ್‌ಗೆ (ಅದು ಜೆಟ್ ಅಲ್ಲ, ಪ್ರೊಪೆಲರ್ ವಿಮಾನ) ಉಪ್ಪುಗಾಳಿ ಬೇರೆ. ಇದನ್ನೆಲ್ಲ ತಡೆಯೋಕೆ ಕೋಟಿ ಬೇಕಿಲ್ಲ. ನೀರು ಹರಿದುಹೋಗೋ ತೂತು ಬಿಡಿಸಬೇಕು, ಬಾಯಿಗೆ ಜಾಲರಿ ಕಟ್ಟಬೇಕು, ತೊಳೀಬೇಕು, ಗಾಲಿಗೆ ಆನಿಕೆ ಕೊಡಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ.

ಬ್ರಿಟನ್ನಿನಲ್ಲಿ ವಲ್ಕನ್ ಅನ್ನೋ ಬಾಂಬರ್ 1993ರಲ್ಲಿ ನೆಲ ಹಿಡಿದಿತ್ತು. ಜನ ದುಡ್ಡು ಹಾಕಿ, ಸ್ವಯಂಸೇವಕರು ಕೈಜೋಡಿಸಿ, 2007ರಲ್ಲಿ ಮತ್ತೆ ಹಾರಿತು; 2015ರವರೆಗೂ ಹಾರಿತು. ನಮ್ಮ ಮಾರುತ್ ಹಾರಬೇಕು ಅಂತ ನಾನು ಹೇಳಲ್ಲ, ಅದು ಹುಚ್ಚು ಖರ್ಚು. ಇರೋದು ಇರಲಿ ಅಷ್ಟೇ. ಅವಸರ ಯಾಕೆ ಅಂದರೆ, 1961ರಲ್ಲಿ ಇಪ್ಪತ್ತರ ಹುಡುಗರಾಗಿ ಇದಕ್ಕೆ ರಿವೆಟ್ ಹೊಡೆದವರು ಈಗ ಎಂಬತ್ತು ದಾಟಿದ್ದಾರೆ. ಯಾವ ಪ್ಯಾನೆಲ್ ಹೇಗೆ ಬಿಚ್ಚಬೇಕು, ಎಲ್ಲಿ ನೀರು ನಿಲ್ಲುತ್ತೆ ಅನ್ನೋದು ಅವರ ಕೈಗೆ ಗೊತ್ತು. ಯೂಟ್ಯೂಬ್‌ನಲ್ಲಿ ಸಿಗಲ್ಲ ಅದು.

ನಾವು ನಾಲ್ಕು ಜನ ಸೇರಿ ಒಂದು ಕಡೆಗೆ ಪತ್ರ ಬರೆದಿದ್ದೀವಿ: ತಿಂಗಳ ಎರಡನೇ ಶನಿವಾರ, ಬಕೆಟ್ಟು, ಸೋಪು, ಜಾಲರಿ ಎಲ್ಲ ನಮ್ಮದೇ, ಅನುಮತಿ ಮಾತ್ರ ನಿಮ್ಮದು. ಉತ್ತರ ಇನ್ನೂ ಬಂದಿಲ್ಲ. ನಿವೃತ್ತ ಫಿಟ್ಟರ್ ತಾತ ಒಬ್ಬರು ಮಾತ್ರ ಆಗಲೇ ಒಪ್ಪಿಕೊಂಡಿದ್ದಾರೆ. "ಬರ್ತೀನಿ, ಹೇಳಿಕೊಡ್ತೀನಿ. ಹೆಚ್ಚು ಹೊತ್ತು ನಿಲ್ಲೋಕಾಗಲ್ಲ, ಒಂದು ಕುರ್ಚಿ ತನ್ನಿ" ಅಂದರು.